ಎತ್ತಿಟ್ಟ ಹಾಡು

ನಮ್ಮೂರಿನ ಮುದುಕಿಯರ ಬಸ್ಸು ಓಡಿಸುವವಳು ಎಡ್ವಿನಾ. ಬಸ್ಸೆಂದರೆ ಬಸ್ಸಲ್ಲ, ವಯಸ್ಸಾದವರನ್ನು ನೋಡಿಕೊಳ್ಳುವ ಕೇಂದ್ರದ ಒಂದು ಮಿನಿಬಸ್ಸು. ಬಂದಾಗ ಬೆಳ್ಳಗಿತ್ತಂತೆ. ಈಗ ನಮ್ಮ ಮರಳುಗಾಡಿನ ಕೆಂಪು ಮಣ್ಣಿನ ಬಣ್ಣವೇ ಅದರ ಬಣ್ಣ. ಸೌದೆಗೆ, ಆಸ್ಪತ್ರೆಗೆ, ಹೊಟ್ಟೆಯಲ್ಲಿ ಜೇನು ತುಂಬಿಕೊಂಡು ನೆಲದಡಿ ಇರುವ ಜೇನಿರುವೆ ಅಗೆದು ತಿನ್ನಲು ಮುಲ್ಗಾ ಮರಗಳ ಕಾಡಿಗೆ, ದೂರದೂರದ ಸಾವಿನ ಮನೆಗಳಿಗೆ, ಎಲ್ಲದಕ್ಕೂ ಅದೇ. ಎಡ್ವಿನಾ ದಪ್ಪ ಮೈಯವಳು, ಮಾತು ಕಡಿಮೆ, ನಗು ಜಾಸ್ತಿ. ಬ್ರೇಕಿಗಿಂತ ಹಾರನ್ನನ್ನೇ ಹೆಚ್ಚು ನಂಬಿದವಳು.

ಬಸ್ಸಿನ ಜೊತೆಗೆ ಬಂದ ರೇಡಿಯೊ ಧೂಳು ತಿಂದು ಎಂದೋ ಕೆಟ್ಟುಹೋಗಿತ್ತು. ಅವಳು ದುಂಡನೆಯ ಒಂದು ಸಿ.ಡಿ. ಪ್ಲೇಯರನ್ನು ಮಡಚಿದ ಟವೆಲ್ಲಿನ ಮೇಲೆ ಮಲಗಿಸಿ, ತಂತಿ ಎಳೆದು ಸ್ಪೀಕರಿಗೆ ಸಿಕ್ಕಿಸಿದ್ದಳು. ಮುದುಕಿಯರಿಗೆ ಓದು ಬಾರದು. ಅದಕ್ಕೇ ಒಂದೊಂದು ಡಿಸ್ಕಿನ ಮೇಲೂ ಒಂದೊಂದು ಚಿತ್ರ ಬರೆದಿದ್ದಳು: ದೇವರ ಹಾಡಿಗೆ ಎಮು ಹಕ್ಕಿಯ ಹೆಜ್ಜೆ, ಕುಣಿತದ ಹಾಡಿಗೆ ಉಡ.

ನಮ್ಮ ರಸ್ತೆ ನಿಮಗೆ ಗೊತ್ತಿಲ್ಲ. ಮಾಡಿಗೆ ಹೊದಿಸುವ ತಗಡಿನ ಹಾಗೆ ಮೈತುಂಬ ಏರಿಳಿತ. ಬಸ್ಸು ನಡುಗುತ್ತದೆ, ಬಸ್ಸಿನೊಳಗಿನ ಹಲ್ಲುಗಳು ನಡುಗುತ್ತವೆ, ಡಿಸ್ಕೂ ನಡುಗುತ್ತದೆ. ಹಾಡು ಒಂದೇ ಕಡೆ ಬಿಕ್ಕಳಿಸಿ ಮುಂದೆ ಹೋಗುತ್ತದೆ. ವರ್ಷಗಟ್ಟಲೆ ಹಾಗೆ ಕೇಳಿ ಕೇಳಿ ನಮ್ಮ ಮುದುಕಿಯರು ಬಿಕ್ಕಳಿಕೆಯನ್ನೂ ಕಲಿತುಬಿಟ್ಟರು. ಒಂದು ಭಾನುವಾರ ಹೊಸದಾಗಿ ಬಂದ ಪಾದ್ರಿಗಳ ಮುಂದೆ ಎಲ್ಲರೂ ಸೇರಿ "ಕು-ಕು-ಕುರುಬ ನೀನೇ" ಎಂದು ಒಂದೇ ದನಿಯಲ್ಲಿ ಹಾಡಿದರು. ಅವರು ಗಾಬರಿಯಾದರು.

"ಅದೇನಮ್ಮ, ಮೂರು ಸಲ ಕು ಕು ಅಂತೀರಿ?"

"ಹಾಡೇ ಹಂಗಿದೆ ಅಯ್ಯನೋರೇ," ಎಂದಳು ಡಲ್ಸಿ, "ನಿಮಗೆ ಯಾರೋ ತಪ್ಪು ಕಲಿಸವ್ರೆ."

ಈ ಡಲ್ಸಿ ಎಡ್ವಿನಾಳ ದೊಡ್ಡವ್ವ, ತಾಯಿಯ ಅಕ್ಕ. ಹೆತ್ತವಳು ಬೇಗ ತೀರಿಕೊಂಡ ಮೇಲೆ ಎಡ್ವಿನಾಳಿಗೆ ತಾಯಿಯೆಂದರೆ ಇವಳೇ. ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಡಲ್ಸಿಯದು. ಅಲ್ಲಿ ಕುಳಿತು ಇಡೀ ದಾರಿ ಎಡ್ವಿನಾಳ ಓಡಿಸುವ ರೀತಿಯನ್ನು ಬೈಯುವುದು ಅವಳ ಹಕ್ಕು. ಅವಳಿಗೆ ಒಬ್ಬ ಮಗನಿದ್ದ. ನಮ್ಮ ಕಡೆಯ ಹಾಡುಗಾರರ ತಂಡದಲ್ಲಿ ಹಾಡುತ್ತಿದ್ದ. ಅವನ ಡಿಸ್ಕಿನ ಮೇಲೆ ಎಡ್ವಿನಾ ಏನೂ ಬರೆದಿರಲಿಲ್ಲ. ಅದು ಎಲ್ಲರಿಗೂ ಗುರುತಿತ್ತು.

ಒಂದು ದಿನ ಎಡ್ವಿನಾಳ ಮೈದುನ ಲೆರಾಯ್ ಬಸ್ಸಿನ ಕಿಟಕಿಗೆ ಗಡ್ಡ ತೂರಿಸಿದ. ಊರಿನ ರೇಡಿಯೊ ಕೋಣೆಯನ್ನು ನೋಡಿಕೊಳ್ಳುವವನು ಅವನು.

"ಅತ್ತಿಗೆ, ಇನ್ನೂ ಈ ರೊಟ್ಟಿ ತಟ್ಟೆ ತಿರುಗಿಸ್ಕೊಂಡು ಕೂತಿದೀಯಾ? ಈ ಹೊಸ ಪ್ಲೇಯರ್ ನೋಡು, ನಿನ್ನ ಹೆಬ್ಬೆರಳಷ್ಟೂ ಇಲ್ಲ. ಊರಿನ ಹಾಡೆಲ್ಲ ಇದರೊಳಗೆ ಹಿಡಿಸುತ್ತೆ. ಬಸ್ಸು ಪಲ್ಟಿ ಹೊಡೆದ್ರೂ ಹಾಡು ತಡವರಿಸಲ್ಲ."

"ಬಸ್ಸು ಪಲ್ಟಿ ಹೊಡೆದ ಮೇಲೆ ಹಾಡು ಯಾರಿಗೆ ಬೇಕೋ, ಬಾಯಿಬಡುಕ."

ಡಲ್ಸಿ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. "ಹಾಡು ಎಲ್ಲಿದೆ, ತೋರಿಸು."

"ಒಳಗಿದೆ ಅಜ್ಜಿ."

"ಒಳಗೆ ಅಂದ್ರೆ ಎಲ್ಲಿ? ಜೇನಿರುವೆ ಗೂಡಿಗೂ ಒಂದು ಬಾಯಿ ಇರ್ತದೆ. ಇದಕ್ಕೆ ಬಾಯೇ ಇಲ್ಲವಲ್ಲೋ!"

ಬಾಯಿಯಿಲ್ಲದಿದ್ದರೂ ಅದು ಚೆನ್ನಾಗಿ ಹಾಡಿತು. ಲೆರಾಯ್ ರೇಡಿಯೊ ಕೋಣೆಯ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅದಕ್ಕೆ ತುಂಬಿಕೊಟ್ಟ. ಯಾವುದರ ನಂತರ ಯಾವುದೆಂದು ಅದೇ ಆರಿಸುತ್ತಿತ್ತು. ಮುಂದಿನ ಹಾಡು ಯಾವುದಿರಬಹುದೆಂದು ಮುದುಕಿಯರು ಪಂದ್ಯ ಕಟ್ಟುತ್ತಿದ್ದರು, ಗೆದ್ದವಳಿಗೆ ದೊಡ್ಡ ಜೇನಿರುವೆ. ಸಿ.ಡಿ. ಪ್ಲೇಯರು ಟವೆಲ್ಲಿನ ಸಮೇತ ಸೀಟಿನಡಿಗೆ ಹೋಯಿತು.

ಆ ಚಳಿಗಾಲದಲ್ಲಿ ಡಲ್ಸಿಯ ಮಗ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡ.

ಅವನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಸತ್ತವರ ಹೆಸರು ಹೇಳಿದರೆ ಉಳಿದವರ ಗಾಯ ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ಹೆಸರಿನ ಜಾಗದಲ್ಲಿ ಕುನ್ಮನಾರಾ ಎನ್ನುತ್ತೇವೆ, ಅಷ್ಟೇ. ತೀರಿಕೊಂಡವನದೇ ಹೆಸರಿನ ಮೆಕ್ಯಾನಿಕ್ಕನೊಬ್ಬನಿದ್ದ, ಅವನನ್ನೂ ಹಾಗೇ ಕರೆಯತೊಡಗಿದೆವು. ಪಾಪ, ಹೊಸ ಹೆಸರು ರೂಢಿಯಾಗದೆ ಅವನು ಕೂಗಿದರೆ ತಿರುಗಿಯೇ ನೋಡುತ್ತಿರಲಿಲ್ಲ. ಅಂಗಡಿಯ ಗೋಡೆಯ ಮೇಲಿದ್ದ ತಂಡದ ಚಿತ್ರಕ್ಕೆ ಕಾಗದ ಅಂಟಿಸಿದರು. ಎಡ್ವಿನಾ ಅವನ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡಲ್ಸಿಯ ಮನೆಯವರ ಕೈಗೆ ಕೊಟ್ಟಳು. ಲೆರಾಯ್ ಆ ಪುಟ್ಟ ಯಂತ್ರದಿಂದ ತಂಡದ ಹಾಡುಗಳನ್ನೆಲ್ಲ ತೆಗೆದ. ಅತ್ತು ಮುಗಿಯುವಷ್ಟು ದಿನ ಡಲ್ಸಿ ಮನೆಯವರೊಂದಿಗೆ ಊರಾಚೆ ಬಿಡಾರ ಹೂಡಿದ್ದು, ಆಮೇಲೆ ಮೆಲ್ಲಗೆ ಬಂದು ತನ್ನ ಸೀಟಿನಲ್ಲಿ ಕುಳಿತಳು.

ಆ ದಿನ ಜೇನಿರುವೆ ಅಗೆಯಲು ಹೊರಟಿದ್ದರು. ಹಾರೆಗಳು ಹಿಂದೆ ಗಲಗಲ ಎನ್ನುತ್ತಿದ್ದವು. ಒಂದು ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು. ಎಂದೋ ಚರ್ಚಿನಲ್ಲಿ ಕ್ಯಾಸೆಟ್ಟಿಗೆ ಹಿಡಿದ ಮಕ್ಕಳ ಮೇಳ. ಮೊದಲು ಒಂದೇ ಒಂದು ಎಳೆಯ ದನಿ.

ತಾಯಿಗೆ ಗೊತ್ತಾಗಲು ಎಷ್ಟು ಹೊತ್ತು ಬೇಕು? ಡಲ್ಸಿ ಎರಡೂ ಕೈಯಿಂದ ತಲೆ ಹಿಡಿದು ಗೋಳಿಟ್ಟಳು. ಹಿಂದಿನ ಸೀಟುಗಳವರೂ ಗೋಳಿಟ್ಟರು. ಎಡ್ವಿನಾ ಬ್ರೇಕು ತುಳಿದಳು. ಯಂತ್ರದ ಗುಂಡಿ ಸಾಸಿವೆಯಷ್ಟು, ಅವಳ ಬೆರಳು ದಪ್ಪ. ಒತ್ತಿದರೆ ದನಿ ಇನ್ನೂ ಜೋರಾಯಿತು. ಕೊನೆಗೆ ತಂತಿಯನ್ನೇ ಕಿತ್ತಳು. ಅಷ್ಟರಲ್ಲಿ ಡಲ್ಸಿ ಇಳಿದು ರಸ್ತೆಯಂಚಿನಲ್ಲಿ ಕುಳಿತು ತಲೆಯ ಮೇಲೆ ಮಣ್ಣು ಸುರಿದುಕೊಳ್ಳುತ್ತಿದ್ದಳು.

ಆಮೇಲೆ ಅವಳು ಬಸ್ಸು ಹತ್ತಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಡ್ವಿನಾಳಿಗೆ ಅನ್ನ ಇಳಿಯುತ್ತಿತ್ತು. ಬಸ್ಸು ಮನೆಯ ಮುಂದೆ ನಿಂತರೆ ಡಲ್ಸಿ ಮುಖವನ್ನು ಬೆಂಕಿಯ ಕಡೆಗೆ ತಿರುಗಿಸಿಕೊಂಡು ಕೂರುತ್ತಿದ್ದಳು. ತಾಯಿಯನ್ನು ಒಂದು ಸಲ ಕಳೆದುಕೊಂಡಿದ್ದವಳು ಎಡ್ವಿನಾ. ಇನ್ನೊಂದು ಸಲ, ಅದೂ ಬದುಕಿರುವಾಗಲೇ, ಅವಳಿಂದಾಗಲಿಲ್ಲ.

"ಇಷ್ಟಕ್ಕೆ ಯಾಕೆ ಕೊರಗ್ತೀಯ ಅತ್ತಿಗೆ?" ಎಂದ ಲೆರಾಯ್. "ಆ ಹಾಡಿಗೆ ಹೆಸರೇ ಇರಲಿಲ್ಲ, ಬರೀ ನಂಬರು. ಅದಕ್ಕೇ ನನ್ನ ಕಣ್ಣಿಗೆ ಬೀಳಲಿಲ್ಲ. ಈಗ ಅಳಿಸಿಬಿಡ್ತೀನಿ. ಇದರಿಂದಲೂ, ಕಂಪ್ಯೂಟರಿಂದಲೂ. ಒಂದು ಗುಂಡಿ, ಮುಗೀತು."

ಅದನ್ನೇ ಸಮಾಧಾನದ ಮಾತೆಂದುಕೊಂಡು ಎಡ್ವಿನಾ ಡಲ್ಸಿಯ ಬೆಂಕಿಯ ಬಳಿಗೆ ಹೋದಳು. ಎದುರಿಗೆ ಕೂರದೆ ಸ್ವಲ್ಪ ದೂರದಲ್ಲಿ, ಪಕ್ಕಕ್ಕೆ ಮುಖ ಮಾಡಿ ಕುಳಿತಳು. ಟೀ ಕುದಿಯಿತು, ಆರಿತು.

"ದೊಡ್ಡವ್ವಾ, ಲೆರಾಯ್ ಅದನ್ನ ಅಳಿಸ್ತಾನೆ. ಇನ್ಮೇಲೆ ಅದು ಎಲ್ಲೂ ಇರಲ್ಲ."

"ಎಲ್ಲೂ?"

"ಎಲ್ಲೂ."

ಅಷ್ಟು ದಿನದ ಮೇಲೆ ಡಲ್ಸಿ ಅವಳ ಕಡೆ ತಿರುಗಿದಳು. "ಈಗ ಕೇಳಲಾರೆ ಅಂದೆನೋ, ಇರಲೇಬಾರದು ಅಂದೆನೋ? ಗಂಡಸಿನ ದನಿ ಒಡೆಯೋ ಮುಂಚಿನ ದನಿ ಕಣೇ ಅದು. ನಾನೇ ಮರೆತುಬಿಟ್ಟಿದ್ದೆ. ಇವತ್ತು ಮುಚ್ಚಿಡ್ತೀವಿ. ಅಳು ತಣ್ಣಗಾದ ಮೇಲೆ ಮನೆಯವರು ಕೂತು ಬಿಚ್ತೀವಿ. ಅಳಿಸಿದ್ರೆ ಆವತ್ತು ಏನನ್ನ ಬಿಚ್ಚಲಿ? ನಿನ್ನ ತಲೇನಾ?"

ಎಡ್ವಿನಾ ಎದ್ದವಳೇ ರೇಡಿಯೊ ಕೋಣೆಗೆ ಓಡಿದಳು. ಅವಳು ಓಡಿದ್ದನ್ನು ನಮ್ಮೂರು ಅದುವರೆಗೆ ಕಂಡಿರಲಿಲ್ಲ, ನಾಯಿಗಳು ಕೂಡ ಎದ್ದು ನಿಂತವು.

"ಅಳಿಸಿದೆಯೇನೋ?"

"ಯಂತ್ರದಿಂದ ಆಯ್ತು. ಕಂಪ್ಯೂಟರಿಂದ ಈಗ ಇನ್ನೇನು..."

"ಕೈ ಎತ್ತೋ! ಎರಡೂ ಕೈ!"

ಲೆರಾಯ್ ಪೊಲೀಸರೇ ಬಂದ ಹಾಗೆ ಕೈ ಎತ್ತಿದ. ಎಡ್ವಿನಾ ಉಸಿರಿಗಾಗಿ ಬಾಗಿಲು ಹಿಡಿದು ನಿಂತು, ಮಾಡಬೇಕಾದ್ದನ್ನು ಹೇಳಿದಳು. ಅದೊಂದು ಹಾಡನ್ನು ಬೇರೆಯೇ ಒಂದು ಡಿಸ್ಕಿಗೆ ಇಳಿಸಬೇಕು, ಕಂಪ್ಯೂಟರಿನಿಂದ ತೆಗೆಯುವುದು ಅದಾದ ಮೇಲೆ. ದನಿ ಹೊರಗೆ ಬರಕೂಡದು. ತಾನು ತೀರಿಕೊಂಡವನಿಗೆ ಅಕ್ಕ, ತಾನದನ್ನು ಕೇಳುವಂತಿಲ್ಲ. ಸಾವಿನ ಕೆಲಸಗಳಿಗೆ ಬೀಗರ ಕಡೆಯವರು ಕೈ ಕೊಡುವುದು ನಮ್ಮಲ್ಲಿ ಇದ್ದದ್ದೇ. ಲೆರಾಯ್ ಬೀಗರ ಕಡೆಯವನು, ಅವನು ಮಾಡಬಹುದು.

"ಅಲ್ಲ ಅತ್ತಿಗೆ, ಡಿಸ್ಕು ಹಳೇ ಕಾಲದ್ದು. ಗೀರು ಬೀಳುತ್ತೆ, ಧೂಳು ಹಿಡಿಯುತ್ತೆ."

"ಹಿಡೀಲಿ. ಒರೆಸಬಹುದು. ನಿನ್ನ ಯಂತ್ರದೊಳಗೆ ಯಾರಿದಾರೆ ಅಂತ ನಿನಗೇ ಗೊತ್ತಾಗಲಿಲ್ಲ. ಇದರೊಳಗೆ ಯಾರಿದಾರೆ ಅಂತ ಕೈಯಲ್ಲಿ ಹಿಡಿದೋರಿಗೆ ಗೊತ್ತಿರುತ್ತೆ. ಯಾರೂ ಹಾಕದೆ ಅದು ಹಾಡಲ್ಲ."

ಲೆರಾಯನ ಯಂತ್ರ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ನಡೆದು ಹೋಗುವವರಿಗೆ ಅದು ಒಳ್ಳೆಯ ಜೊತೆ. ಆದರೆ ಅದಕ್ಕೆ ಹಾಡುವುದು ಗೊತ್ತು, ಅಳಿಸುವುದು ಗೊತ್ತು. ಸುಮ್ಮನೆ ಬಟ್ಟೆ ಸುತ್ತಿಕೊಂಡು ಕಾಯುವುದು ಗೊತ್ತಿಲ್ಲ. ನಮ್ಮ ಬಸ್ಸಿನಲ್ಲಿ ಒಬ್ಬಳಲ್ಲ ಒಬ್ಬಳು ಯಾವಾಗಲೂ ಯಾರಿಗೋ ಕಾಯುತ್ತಿರುತ್ತಾಳೆ. ಎಡ್ವಿನಾ ಆ ಯಂತ್ರವನ್ನು ಅವನಿಗೇ ಹಿಂದಿರುಗಿಸಿದಳು.

ಡಿಸ್ಕನ್ನು ಹೂವಿನ ಸ್ಕಾರ್ಫಿನಲ್ಲಿ ಸುತ್ತಿ ಡಲ್ಸಿಯ ಪಕ್ಕದಲ್ಲಿ ಇಟ್ಟಳು. ಡಲ್ಸಿ ಬಿಚ್ಚಲಿಲ್ಲ. ಬಟ್ಟೆಯ ಮೇಲಿಂದಲೇ ಅಂಚನ್ನು ಸುತ್ತಲೂ ಸವರಿದಳು, ನಡುವಿನ ತೂತಿಗೆ ಬೆರಳು ತಾಗಿಸಿದಳು.

"ಇಷ್ಟೇನಾ?"

"ಇಷ್ಟೇ ದೊಡ್ಡವ್ವ. ಬೇರೆಲ್ಲೂ ಇಲ್ಲ."

ಡಲ್ಸಿ ಅದನ್ನೆತ್ತಿಕೊಂಡು ಒಳಗೆ ಹೋದಳು. ಎಲ್ಲಿಟ್ಟಳೆಂದು ಎಡ್ವಿನಾ ಕೇಳಲಿಲ್ಲ.

ಮುಂದಿನ ವಾರ ಬಸ್ಸು ಆ ಮನೆಯ ಮುಂದೆ ನಿಂತಾಗ ಡಲ್ಸಿ ಹಾರೆ ಊರಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಹತ್ತಿದಳು. ಅವಳ ಸೀಟಿನಲ್ಲಿ ಕುಳಿತಿದ್ದವಳು ಎದ್ದು ಹಿಂದೆ ಸರಿದಳು. ಎಡ್ವಿನಾ ಡಿಸ್ಕುಗಳ ಚೀಲವನ್ನು ಹಿಂದಕ್ಕೆ ಚಾಚಿದಳು. "ನೀನೇ ಆರಿಸು ದೊಡ್ಡವ್ವ. ನೋಡಿ ಆರಿಸು."

ಡಲ್ಸಿ ಒಂದೊಂದೇ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಎಲ್ಲವನ್ನೂ ನೋಡಿ ಮುಗಿಸಿ, ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು.

"ಇವತ್ತು ಯಾವುದೂ ಬೇಡ. ನಡಿ. ಏ, ಮೆಲ್ಲಗೆ! ಅಲ್ಲಿ ಹಳ್ಳ ಇದೆ, ಕಾಣಲ್ವೇನೆ ಕುರುಡಿ?"

"ಕಾಣುತ್ತೆ ದೊಡ್ಡವ್ವ."

"ಕಂಡ್ರೆ ಅದರೊಳಗೇ ಯಾಕೆ ಬಿಡ್ತೀಯ?"

ಎಡ್ವಿನಾ ಹಾರನ್ನು ಹೊಡೆದಳು, ಎದುರಿಗೆ ಯಾರೂ ಇಲ್ಲದಿದ್ದರೂ.