ಅತ್ತೆಯವರ ಮೊದಲ ವೋಟು

ನಮ್ಮ ಅತ್ತೆ ಧಾರವಾಡದ ಕಡೆಯ ಹೈಸ್ಕೂಲೊಂದರಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಮೂವತ್ತು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದ್ದಾರೆ, ಒಮ್ಮೆಯೂ ವೋಟು ಹಾಕಿಲ್ಲ! ಪ್ರತಿ ಸಲವೂ ಬೇರೆ ಯಾವುದೋ ಊರಿನ ಮತಗಟ್ಟೆಗೆ ಕಳಿಸುತ್ತಿದ್ದರಂತೆ. ಅಂಚೆ ಮತಕ್ಕೆ ಅರ್ಜಿ ಕೊಟ್ಟರೆ, ಮತಪತ್ರ ಬರುವಷ್ಟರಲ್ಲಿ ಗೆದ್ದವರ ಮೆರವಣಿಗೆಯೂ ಮುಗಿದಿರುತ್ತಿತ್ತಂತೆ. ರಿಟೈರಾದ ಮೇಲೆ ಲಂಡನ್ನಿನ ಕ್ರೋಯ್ಡನ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದುಬಿಟ್ಟರು.

ಹೀಗಾಗಿ ಲಂಡನ್ ಮೇಯರ್ ಚುನಾವಣೆಗೆ ಅವರ ಹೆಸರಿನಲ್ಲೂ ಮತದಾನದ ಕಾರ್ಡು ಬಂದಾಗ ಅತ್ತೆ ನಂಬಲೇ ಇಲ್ಲ.

"ನಂದು ಇಂಡಿಯಾ ಪಾಸ್‌ಪೋರ್ಟ್. ನನಗ್ಯಾಕ ಕೊಡ್ತಾರ?"

"ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ರೆ ಹಾಕಬಹುದು ಅತ್ತೆ," ಅಂದೆ.

ಅವತ್ತಿನಿಂದ ಶುರುವಾಯಿತು. ಅಭ್ಯರ್ಥಿಗಳ ಭರವಸೆಗಳ ಪುಸ್ತಿಕೆಯನ್ನು ಕೆಂಪು ಪೆನ್ನು ಹಿಡಿದು ಉತ್ತರ ಪತ್ರಿಕೆಯ ಹಾಗೆ ತಿದ್ದಿದರು. ಟ್ರಾಮು, ಬಸ್ಸು, ಮನೆ ಬಾಡಿಗೆ, ಒಂದೊಂದಕ್ಕೂ ಅಂಕ. ಫಸ್ಟ್ ಕ್ಲಾಸ್ ಯಾರಿಗೂ ಬರಲಿಲ್ಲ. ಕೊನೆಗೆ ಯಾರಿಗೆ ಅಂತ ಕೇಳಿದ್ದಕ್ಕೆ, "ಗುಪ್ತ ಮತದಾನ, ತಂಗಿ," ಎಂದು ಬಾಯಿ ಮುಚ್ಚಿಸಿದರು.

ಮತದಾನದ ದಿನ ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟು, ನಮ್ಮ ಮತಗಟ್ಟೆಯಾಗಿದ್ದ ಚರ್ಚ್ ಹಾಲಿಗೆ ನನ್ನ ಜೊತೆ ಬಂದರು. ಒಳಗೆ ಕಾಲಿಟ್ಟವರೇ ತಪಾಸಣೆಗೆ ಇಳಿದರು. ಪೊಲೀಸಿಲ್ಲ, ಏಜೆಂಟರಿಲ್ಲ, ಗುರುತು ಹಾಕಲು ದಾರ ಕಟ್ಟಿದ ಪೆನ್ಸಿಲ್ಲು. "ಅಯ್ಯ, ಇದೇನ್ ಎಲೆಕ್ಷನ್ನೋ, ಚಿತ್ರಕಲಾ ಪರೀಕ್ಷೆನೋ?" ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಮೇಯರಿಗೊಂದು, ಲಂಡನ್ ಅಸೆಂಬ್ಲಿಗೆ ಎರಡು, ಒಟ್ಟು ಮೂರು ಚೀಟಿ ಹಿಡಿದು ಮರೆಯ ಹಿಂದೆ ಹೋದರು.

ನಾನು ಗುರುತು ಹಾಕಿ ಬಂದು ನೋಡಿದರೆ ಅತ್ತೆ ಪೆಟ್ಟಿಗೆಯ ಮುಂದೆ ಚೀಟಿ ಹಿಡಿದು ನಿಂತಿದ್ದಾರೆ. ಒಳಗೆ ಹಾಕುತ್ತಿಲ್ಲ.

"ಸಹಿ ಹಾಕಿಬಿಟ್ಟೆ."

"ಎಲ್ಲಿ?"

"ಹಿಂದ. ಮೂರಕ್ಕೂ. ಬೆನ್ನ ಮ್ಯಾಲ ಸಹಿ ಇಲ್ಲದ್ದು ಕಂಡಕೂಡ್ಲೆ ಕೈ ತಾನ ಓಡ್ತು."

ಊರಲ್ಲಿ ಮತಪತ್ರದ ಚುನಾವಣೆಯಾದರೆ ಅತ್ತೆಯಂಥ ಮತಗಟ್ಟೆ ಅಧಿಕಾರಿ ಅದರ ಹಿಂದೆ ಸಹಿ ಹಾಕಿಯೇ ಮತದಾರರಿಗೆ ಕೊಡಬೇಕು. ಇಲ್ಲಿ ಮತದಾರರೇ ಸಹಿ ಹಾಕಿದರೆ ಗುರುತು ಸಿಕ್ಕಿತೆಂದು ವೋಟೇ ಅಸಿಂಧು. ನನಗೆ ನಗು ಒತ್ತರಿಸಿಕೊಂಡು ಬಂತು. ಅವರು ಚೀಟಿಗಳನ್ನು ಎದೆಗೊತ್ತಿ ಹಿಡಿದಿದ್ದು ಕಂಡು ನುಂಗಿಕೊಂಡೆ. ಪಾಪ, ಇಷ್ಟು ವರ್ಷಕ್ಕೆ ಸಿಕ್ಕ ಒಂದು ವೋಟು!

"ಪೆನ್ಸಿಲ್ ತಾನೇ? ರಬ್ಬರ್ ಕೇಳ್ತೀನಿ ಇರಿ," ಅಂದೆ.

"ಮತಪತ್ರಕ್ಕ ರಬ್ಬರ್ ಹಚ್ಚೂದಾ? ನಾಚಿಕಿ ಆಗೂದಿಲ್ಲ ನಿನಗ?"

ಹಾಗಾದರೆ ಉಳಿದದ್ದು ಒಂದೇ ದಾರಿ, ಅಧಿಕಾರಿಯ ಬಳಿ ಹೋಗಿ ತಪ್ಪೊಪ್ಪಿಕೊಳ್ಳುವುದು. ಚೀಟಿ ಕೆಡಿಸಿಕೊಂಡು ಬಂದವರಿಗೆ ತಾನು ಎಂಥ ಮಂಗಳಾರತಿ ಎತ್ತುತ್ತಿದ್ದೆ ಎಂಬುದನ್ನು ಅತ್ತೆಯೇ ನಮಗೆ ಹೇಳಿ ನಗಿಸಿದ್ದರು. ಈಗ ಸೆರಗು ಸರಿಮಾಡಿಕೊಂಡು, ಮೊಮ್ಮಗಳ ವಯಸ್ಸಿನ ಅಧಿಕಾರಿಯ ಮುಂದೆ ಹೋಗಿ, "ಐ ಹ್ಯಾವ್ ಮೇಡ್ ಎ ಮಿಸ್ಟೇಕ್," ಎಂದರು. ಆ ಹುಡುಗಿ ನಕ್ಕು, ಹಳೆಯದನ್ನು ರದ್ದು ಮಾಡಿ, ಹೊಸ ಚೀಟಿ ಕೊಟ್ಟಳು. ಒಂದು ಮಾತೂ ಬೈಯಲಿಲ್ಲ. ಅದೇ ಅತ್ತೆಗೆ ಹೆಚ್ಚು ನಾಚಿಕೆ ತಂದಿತೇನೋ.

ಈ ಸಲ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಹೋದರು. ಮರೆಯಿಂದ ಹೊರಬಂದು ಮೂರನ್ನೂ ಒಂದೊಂದಾಗಿ ಪೆಟ್ಟಿಗೆಗೆ ಹಾಕಿ, ಅಲ್ಲೇ ನಿಂತುಬಿಟ್ಟರು. ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಹಿಂದೆ ನಾಲ್ಕು ಜನ ಚೀಟಿ ಮಡಚಿ ಹಿಡಿದು ನಿಂತಿದ್ದರು.

"ನಡೀರಿ ಅತ್ತೆ, ಪಾಪ ಕಾಯ್ತಿದ್ದಾರೆ."

"ಕಾಯಲಿ ಬಿಡು," ಅಂದರು ಅತ್ತೆ. "ನಾ ಮೂವತ್ತು ವರ್ಷ ಕಾದೀನಿ."