ಬಾಯಲ್ಲಿ ಹಾಡಿದ ಗಿಟಾರು

ಜಗತ್ತಿನ ಹತ್ತು ಶ್ರೇಷ್ಠ ರಾಕ್ ಗಿಟಾರ್ ಸೋಲೋಗಳು, ಅಂದರೆ ಹಾಡಿನ ನಡುವೆ ಗಿಟಾರೊಂದೇ ಮೆರೆಯುವ ಭಾಗಗಳು, ಯಾವುವು ಎಂದು ನಾನೂ ನನ್ನ ಗೆಳೆಯನೂ ಬೈಲಹೊಂಗಲದ ನನ್ನ ಝೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ವರ್ಷ ಜಗಳಾಡಿದ್ದೇವೆ. ಐತವಾರ ಮಧ್ಯಾಹ್ನ ಅರ್ಧ ಶಟರ್ ಎಳೆದು ಕೂತರೆ ಮುಗಿಯಿತು. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ನಮ್ಮಿಬ್ಬರಿಗೂ ಮಾತು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಗಿಟಾರಂತೂ ಮೊದಲೇ ಬರುವುದಿಲ್ಲ. ಅದಕ್ಕೇ ಒಂದು ನಿಯಮ ಮಾಡಿಕೊಂಡಿದ್ದೆವು: ಒಂದನೇ ನಂಬರಿಗೆ ಇಟ್ಟ ಸೋಲೋವನ್ನು ಮೊಬೈಲ್ ಮುಟ್ಟದೆ ಪೂರ್ತಿ ಬಾಯಲ್ಲಿ ಹಾಡಿ ತೋರಿಸಬೇಕು. ತಪ್ಪಿದರೆ ಪಟ್ಟಿಯಿಂದ ಔಟ್.

ಕಳೆದ ಬೇಸಿಗೆಯಲ್ಲಿ ಒಂದು ದಿನ, ಅವನ ಒಂದನೇ ನಂಬರು ಬರೀ ಗದ್ದಲ ಎಂದು ನಾನು ಅಂದುಬಿಟ್ಟೆ. ಸಂಗೊಳ್ಳಿಯಿಂದ ಬೈಕಿನ ಮೇಲೆ ಬಿಸಿಲಲ್ಲಿ ಬಂದವನು ಕೆಂಡಾಮಂಡಲವಾದ.

“ಈಗ ಹಾಡತೇನಿ. ತಪ್ಪಿದ್ರ ಇನ್ನ ನಿನ್ನ ಅಂಗಡಿ ಮೆಟ್ಟಲಾ ಹತ್ತಂಗಿಲ್ಲ.”

“ಹಾಡಲೇ ಮಗನ, ನೋಡೇ ಬಿಡೂಣು!”

ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದ. ಗಿಟಾರು ಮೇಲಕ್ಕೆ ಏರುವ ಜಾಗ ಬಂದಾಗ ಸುಮ್ಮನಾದ. ತಾಳ ಮಾತ್ರ ನಡೆದಿತ್ತು. ಆಮೇಲೆ ಕೆಳಗಿನ ಸ್ವರಕ್ಕೆ ಸರಿಯಾಗಿ ಬಂದು ಕೂಡಿಕೊಂಡ.

“ಬಿತ್ತು!” ಎಂದು ಕುಣಿದೆ. “ಕಿವಿ ಅದಾವೋ ಇಲ್ಲೋ ನಿನಗ?”

ಅವನು ಮೊಬೈಲು ತೆಗೆದು ಅದೇ ಜಾಗವನ್ನು ಕಿವಿಗೊತ್ತಿ ಕೇಳಿದ. ಮತ್ತೆ ಕೇಳಿದ. ನನಗೆ ಅಂಗಡಿಯ ಈ ತುದಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಇಲ್ಲಿ ಬರೇ ಕುಂಯ್ ಅಂತೈತಿ,” ಎಂದ. “ರೆಕಾರ್ಡಿಂಗ್ ಕೆಟ್ಟೈತಿ ಅನ್ಕೊಂಡಿದ್ನಿ. ಮೂರು ಸಲ ಬ್ಯಾರೆ ಡೌನ್‌ಲೋಡ್ ಮಾಡೇನಿ.”

ಮೇಲಿನ ಸ್ವರಗಳೇ ಅವನ ಕಿವಿಗೆ ಬೀಳುತ್ತಿರಲಿಲ್ಲ. ಹದಿನೈದು ವರ್ಷದಿಂದ ಅವನ ಕೆಲಸ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಯಂತ್ರದ ಪಕ್ಕದಲ್ಲಿ. ಅಲ್ಲಿ ಪಕ್ಕದವನನ್ನು ಕರೆಯಬೇಕಾದರೂ ಭುಜ ತಟ್ಟಬೇಕು. ಇಷ್ಟು ದಿನ ನಾನು ಜೋರಾಗಿ ಅವನ ಜೊತೆ ಜಗಳಾಡಿದ್ದೇ ಆಯಿತು, ಒಮ್ಮೆಯೂ ನನಗೆ ಹೊಳೆಯಲಿಲ್ಲ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕಬೇಕು.

ಅವನು ಚಪ್ಪಲಿ ಮೆಟ್ಟಿಕೊಂಡ.

“ಏ, ಎಲ್ಲಿ ಹೊಂಟಿ? ಕುಂದ್ರು ಮಾರಾಯಾ. ನಿಯಮಾ ಹಾಳಾಗಿ ಹೋಗ್ಲಿ.”

“ಸೋತದ್ದು ಸೋತಂಗ.” ಶಟರ್ ಹಿಡಿದು ನಿಂತ. “ಖರೇ ಹೇಳು, ಎಷ್ಟ ಬಿಟ್ಟೆ ನಾ?”

ಬಿಟ್ಟದ್ದು ಸೋಲೋದ ಅರ್ಧಭಾಗ. ಅದರ ಜೀವವೇ ಅಲ್ಲಿತ್ತು. ನಾನು ಗದ್ದಲ ಎಂದಿದ್ದು ಬರೀ ಹಟಕ್ಕೆ.

“ನಾಕ ಸ್ವರ ಅಷ್ಟ,” ಎಂದೆ. “ಅದರಾಗೇನೈತಿ?”

ನನ್ನ ಮುಖವನ್ನೇ ನೋಡಿದ. ಆಮೇಲೆ ಒಳಗೆ ಬಂದು, ಸ್ಟೂಲು ಎಳೆದುಕೊಂಡು ನನ್ನೆದುರು ಕೂತ.

“ಆ ನಾಕ ಸ್ವರ ನೀನ ಹಾಡು,” ಎಂದ. “ಬಾಯಿ ತೆರದು ಹಾಡು. ನೋಡತೇನಿ.”