ಜನರಲ್ ಸಾಹೇಬರನ್ನು ಕಳಿಸಿಕೊಟ್ಟದ್ದು

ಮೆಟ್ಟಿಲ ಮೇಲಿಂದ ಮಜ್ಜಿಗೆಹುಲ್ಲು ಕುದಿಯುವ ವಾಸನೆ ಇಳಿದು ಬಂದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಪರಿಮಳಕ್ಕೆ ಹೆದರುವ ಗಂಡಸು ದೋಹಾದ ಇಡೀ ಮದೀನತ್ ಖಲೀಫಾ ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು. ನೀವು ನಗಬಹುದು, ಹೋದ ವರ್ಷದ ಆ ಸಂಜೆ ನಮ್ಮ ಮನೆಯಲ್ಲಿದ್ದಿದ್ದರೆ ನಗುತ್ತಿರಲಿಲ್ಲ.

ಈ ವಿಲ್ಲಾದ ಕೆಳಗೆ ನಾವು, ಮೇಲೆ ಥಾಯ್ ದಂತವೈದ್ಯೆಯೊಬ್ಬಳು. ಅವಳ ತಂದೆ ಥಾಯ್ಲೆಂಡಿನ ಸೇನೆಯಲ್ಲಿ ಜನರಲ್ ಆಗಿದ್ದವರು. ಜನರಲ್ ಎಂದರೆ ಗಿರಿಜಾ ಮೀಸೆ ಎಂದುಕೊಂಡಿದ್ದ ನನಗೆ, ಚಡ್ಡಿ ತೊಟ್ಟು ಕುಂಡಗಳಿಗೆ ನೀರು ಹಾಕುವ ಈ ಸಣ್ಣ ಮನುಷ್ಯನನ್ನು ಕಂಡು ನಿರಾಸೆಯೇ ಆಗಿತ್ತು. ಸಮವಸ್ತ್ರ ಕಳಚಿ, ಪಕ್ಷ ಕಟ್ಟಿ, ಮಂತ್ರಿಯೂ ಆಗಿದ್ದರಂತೆ. ಸರ್ಕಾರ ಉರುಳಿ ಕೇಸು ಬಿದ್ದಾಗ ಯಾರಿಗೂ ಹೇಳದೆ ಮಗಳ ಮನೆಗೆ ಬಂದುಬಿಟ್ಟರು. ನಂಬಿದ ಕಾರ್ಯಕರ್ತರು ಅಲ್ಲಿ ಲಾಠಿಯೇಟು ತಿಂದರು. ಆ ಮಾತು ಬಂದರೆ ಅವರು ಕುಂಡದ ಕಡೆ ತಿರುಗುತ್ತಿದ್ದರು.

ಕೊನೆಗೆ ವಾಪಸು ಹೋಗಿ ಚುನಾವಣೆಗೆ ನಿಲ್ಲುತ್ತೇನೆಂದರು. ಇಳಿದ ಕೂಡಲೇ ಬಂಧನ ಖಚಿತ. ವಿಮಾನ ನಿಲ್ದಾಣದಲ್ಲಿ ಜನ ಸೇರಿದರೆ ಕೋರ್ಟಿಗೆ ಒಯ್ಯುತ್ತಾರೆ. ಯಾರೂ ಬಾರದಿದ್ದರೆ ಎಲ್ಲಿಗೆ ಒಯ್ಯುತ್ತಾರೋ ಹೇಳಲಾಗದು ಎಂದಳು ಮಗಳು. ಜನರನ್ನು ಕರೆಯಲು ಫೋನಿನಲ್ಲಿ ನೇರಪ್ರಸಾರ. ಮೇಲಿನ ಇಂಟರ್ನೆಟ್ ಕೈಕೊಟ್ಟಿದ್ದರಿಂದ ನಮ್ಮ ಮನೆಯಿಂದ. ಫೋನ್ ಹಿಡಿದವನು ನಾನು. ನನ್ನ ವೀಸಾ ಖಲಾಸ್ ಎಂಬ ಭಯಕ್ಕೆ ಕೈ ನಡುಗಿ, ಸಾಹೇಬರು ಭೂಕಂಪದಲ್ಲಿ ನಿಂತವರಂತೆ ಕಂಡಿರಬೇಕು.

ಭಾಷಣ ಮುಗಿಸಿ, ಅವರು ನನ್ನ ಹೆಂಡತಿ ಸುಮಾಳತ್ತ ತಿರುಗಿ, "ಐ ಆಮ್ ಗೋಯಿಂಗ್, ಮೇಡಂ" ಎಂದರು.

ಮೈಸೂರಿನವಳು, ಹಾಗೆನ್ನಲು ಬಿಟ್ಟಾಳೆಯೇ? "ನೋ ನೋ ಸರ್, ಹಾಗನ್ಬಾರ್ದು. ಗೋ ಅಂಡ್ ಕಮ್ ಅನ್ನಿ."

"ಐ ವಿಲ್ ಗೋ ಅಂಡ್ ಕಮ್" ಎಂದರು, ವಿಧೇಯರಾಗಿ. ಪ್ರಸಾರ ಇನ್ನೂ ನಿಂತಿರಲಿಲ್ಲ.

ಮಗಳು ಮೇಲಿಂದ ಕುದಿಸಿ ತಂದಿದ್ದ ಮಜ್ಜಿಗೆಹುಲ್ಲಿನ ಚಹಾ ಆರುವಷ್ಟರಲ್ಲಿ ಆ ಮಾತು ಅವರ ದೇಶವೆಲ್ಲ ಸುತ್ತಿತ್ತು. ಹೋದಂತೆ ಮಾಡಿ ಮತ್ತೆ ದೋಹಾಕ್ಕೇ ಓಡಿಬರುತ್ತಾನಂತೆ. ಕಾರ್ಯಕರ್ತರು ಒಬ್ಬೊಬ್ಬರೇ ಕರೆ ಮಾಡಿ, ನಾವು ನಿಲ್ದಾಣಕ್ಕೆ ಬರುವುದಿಲ್ಲ ಎಂದರು.

ಸುಮಾ ಅಳತೊಡಗಿದಳು. "ರೀ, ಅವ್ರಿಗೆ ಹೇಳ್ರೀ. ನಮ್ಮಲ್ಲಿ ಬರೀ ಹೋಗ್ತೀನಿ ಅಂದ್ರೆ ತಿರುಗಿ ಬರೋದೇ ಇಲ್ಲ ಅಂತ ಅರ್ಥ. ಅದಕ್ಕೇ ಹಾಗಂದೆ."

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. "ತಿರುಗಿ ಬರುವುದಿಲ್ಲ ಎಂಬ ಆ ಮಾತೇ ನನ್ನ ಜನಕ್ಕೆ ಬೇಕಾಗಿರುವುದು" ಎಂದರು ಸಾಹೇಬರು. "ಮೇಡಂ, ಅವರೆದುರು ನೀವೇ ನನ್ನನ್ನು ಹಾಗೆ ಕಳಿಸಿಕೊಡಿ. ನಿಮ್ಮ ಭಾಷೆಯಲ್ಲೇ."

ಮತ್ತೆ ಫೋನ್ ಹಿಡಿದೆ. ಅವರು ಥಾಯ್‌ನಲ್ಲಿ ನಮ್ಮ ಪದ್ಧತಿಯನ್ನು ವಿವರಿಸಿ, ಕೈಮುಗಿದು ಸುಮಾಳೆದುರು ನಿಂತರು. ಮಗಳು ಗೋಡೆಗೆ ಒರಗಿ ಮುಖ ಮುಚ್ಚಿಕೊಂಡಿದ್ದಳು. ಎ.ಸಿ. ರಿಪೇರಿಗೆ ಬಂದವನನ್ನೂ 'ಹೋಗಿ ಬನ್ನಿ' ಎಂದೇ ಕಳಿಸುವವಳು ನನ್ನ ಹೆಂಡತಿ. ಅವಳ ತುಟಿ ತೆರೆದು ಮತ್ತೆ ಮುಚ್ಚಿತು. ಎರಡನೆಯ ಪದ ಎಲ್ಲಿ ತಾನಾಗಿ ಬಂದುಬಿಡುತ್ತದೋ ಎಂದು ನಾನು ಉಸಿರು ಬಿಗಿಹಿಡಿದೆ.

"ಹೋಗಿ" ಎಂದಳು. ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋದಳು.

ಜನ ಬಂದರು. ಸಾಹೇಬರು ಜೈಲಿನಿಂದಲೇ ಗೆದ್ದರು. ಇನ್ನೂ ಅಲ್ಲೇ ಇದ್ದಾರೆ. ಆ ಗೆಲುವಿಗೆ ಸುಮಾ ಸಿಹಿ ಮಾಡಲಿಲ್ಲ.

ಇವತ್ತು ಮಗಳು ಅಪ್ಪನನ್ನು ನೋಡಲು ಹೊರಟಳು. ಟ್ಯಾಕ್ಸಿಯ ಕಿಟಕಿ ಹಿಡಿದು ಸುಮಾ, "ಅಪ್ಪಂಗೆ ಹೇಳಮ್ಮ, ಸುಮಾ ಸೆಡ್ 'ಬನ್ನಿ'" ಎಂದಳು. ಆ ಹುಡುಗಿ "ಬನ್ನಿ" ಎಂದು ಹೇಳಿನೋಡಿ, ಸರಿಯೇ ಎಂಬಂತೆ ಮುಖ ನೋಡಿದಳು. ಸುಮಾ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಟ್ಯಾಕ್ಸಿ ತಿರುವು ದಾಟಿದ ಮೇಲೆ, ಯಾರಿಗೆ ಕೇಳಿಸಲೆಂದು ಕೇಳಬೇಡಿ, ನಡುರಸ್ತೆಯಲ್ಲಿ ನಿಂತು ನಾನೂ ಗಟ್ಟಿಯಾಗಿ "ಬನ್ನಿ" ಎಂದೆ.